ಫ್ಲಾಪಿಯಿಂದ ಭಂಡಾರಕ್ಕೆ: ಮುನ್ನೂರು ಫೈಲುಗಳ ಕಥೆ



ಯುಗಾದಿ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದಾಗ ಹಿರಿಯರೊಬ್ಬರು ಕೇಳಿದರು: "ಹಳೇ ಲೇಖನಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸ್ತಿದೀಯಂತೆ. ಅಪ್‌ಲೋಡ್ ಬಟನ್ ಒತ್ತೋದಕ್ಕೆ ಆರು ತಿಂಗಳು ಬೇಕೇನಪ್ಪ?" ಹಿಂದೆ ಸಾಲು ಉದ್ದವಿತ್ತು, ನಕ್ಕು ಸುಮ್ಮನಾದೆ. ಉತ್ತರ ಇಲ್ಲಿದೆ. ಹೆದರಬೇಡಿ, ಕೋಡ್ ಒಂದು ಸಾಲೂ ಇಲ್ಲ.

ನಾನಿರುವುದು ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಕಳೆದ ಅಕ್ಟೋಬರಿನಲ್ಲಿ ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಿಂದ ಅಕ್ಕ ಒಬ್ಬರು ಫೋನ್ ಮಾಡಿದರು. ಅವರ ತಂದೆ 1971ರಲ್ಲಿ ಕಾರು ಕಂಪನಿಯ ಕೆಲಸಕ್ಕೆ ಬಂದವರು, 2002ರ ಡೆಟ್ರಾಯಿಟ್ ವಿಶ್ವ ಕನ್ನಡ ಸಮ್ಮೇಳನಕ್ಕೂ 2008ರ ಷಿಕಾಗೋ ಸಮ್ಮೇಳನಕ್ಕೂ ಓಡಾಡಿದವರು, ನಮ್ಮ ಕೂಟದ ಸಂಚಿಕೆಗಳಿಗೂ ತಪ್ಪದೆ ಬರೆಯುತ್ತಿದ್ದವರು. ಈಗ ಇಲ್ಲ. "ಅಪ್ಪನ ಫ್ಲಾಪಿ, ಸಿಡಿ ಎಲ್ಲ ಒಂದು ಶೂ ಡಬ್ಬದಲ್ಲಿವೆ. ನಂಗೆ ಕನ್ನಡ ಓದಕ್ಕೆ ಬರಲ್ಲ. ಮಗ ಕಲೀತಿದಾನೆ. ಅವನು ಹುಡುಕಿದರೆ ತಾತನ ಬರಹ ಸಿಗಬೇಕು, ಅಷ್ಟೇ" ಅಂದರು. ಐ-94 ಹಿಡಿದು ಹೋದೆ. ನಾಲ್ಕೂವರೆ ಗಂಟೆಯ ದಾರಿ, ಜೊತೆಗೆ ಗಡಿಯಾರ ನುಂಗುವ ಒಂದು ಗಂಟೆ. ಆಂಟಿ ಕೊಟ್ಟ ಚಕ್ಕುಲಿ ವಾಪಸ್ ಬರುವಾಗ ಇಂಡಿಯಾನಾ ದಾಟುವಷ್ಟರಲ್ಲಿ ಖಾಲಿ.

ಡಬ್ಬದಲ್ಲಿದ್ದದ್ದು ಮುನ್ನೂರು ಚಿಲ್ಲರೆ ಫೈಲು. ಪ್ರತಿಯೊಂದಕ್ಕೂ ವರ್ಷ, ಹಬ್ಬ, ಶೀರ್ಷಿಕೆ ನಮೂದಿಸಿ ಕೈಯಲ್ಲಿ ಸೇರಿಸುವುದು ಆಗದ ಮಾತು, ಹಾಗಾಗಿ ಪ್ರೋಗ್ರಾಮ್ ಬರೆದೆ. ಸೇರಿಸಬೇಕಾದ ಜಾಗಕ್ಕೆ ರೆಪಾಸಿಟರಿ ಅನ್ನುತ್ತಾರೆ, ನಾನು ಭಂಡಾರ ಅನ್ನುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಡೇ ಸಾಫ್ಟ್‌ವೇರ್ ಮುಂದಾಳತ್ವದಲ್ಲಿ 2005ರಲ್ಲಿ ಜಾವಾ ಜಗತ್ತಿಗೆ ಇದರ ಒಂದು ಪ್ರಮಾಣಿತ ನಿಯಮಾವಳಿ ಬಂತು, ಜೆಸಿಆರ್ ಅಂತ ಅದರ ಹೆಸರು. (ಆ ಕಂಪನಿಯನ್ನು 2010ರಲ್ಲಿ ಅಡೋಬಿ ಕೊಂಡಿತು.) ನಾನು ಬಳಸಿದ್ದು ಆ ನಿಯಮದಂತೆ ನಡೆಯುವ, ಪುಕ್ಕಟೆ ಸಿಗುವ ಅಪಾಚೆ ಜ್ಯಾಕ್‌ರ‍್ಯಾಬಿಟ್.

ಭಂಡಾರವೆಂದರೆ ಅಜ್ಜಿಯ ಮನೆಯ ಉಗ್ರಾಣ ಅಂದುಕೊಳ್ಳಿ. ಮೊದಲು ಲಾಗಿನ್ ಆಗಬೇಕು, ಅಜ್ಜಿಯಿಂದ ಬೀಗದ ಕೈ ಪಡೆದ ಹಾಗೆ. ಫೋಲ್ಡರ್ ಅಂದರೆ ಗೂಡು, ಅದರೊಳಗೆ ಫೈಲ್ ಅನ್ನುವ ಡಬ್ಬ. ಇಲ್ಲೊಂದು ವಿಶೇಷ: ಡಬ್ಬವೇ ಬೇರೆ, ಒಳಗಿನ ಪದಾರ್ಥವೇ ಬೇರೆ. ಫೈಲ್ ಎಂಬ ನೋಡ್ ಮಾಡಿ, ಅದರ ಒಳಗೆ ಕಂಟೆಂಟ್ ಎಂಬ ಇನ್ನೊಂದು ನೋಡ್ ಮಾಡಿ, ನಿಜವಾದ ಬೈಟುಗಳನ್ನು ಅಲ್ಲಿ ತುಂಬಬೇಕು. ಇದು ಪಠ್ಯವೋ ಚಿತ್ರವೋ, ಯಾವ ಎನ್‌ಕೋಡಿಂಗ್ ಅನ್ನುವ ಚೀಟಿಯನ್ನೂ ಅಲ್ಲೇ ಅಂಟಿಸಬೇಕು. ಕಂಟೆಂಟ್ ಇಲ್ಲದ ಖಾಲಿ ಡಬ್ಬ ಇಟ್ಟು ಬರಲು ಹೋದರೆ ಭಂಡಾರ ಒಪ್ಪುವುದಿಲ್ಲ. ಕೊನೆಗೆ ಸೇವ್. ಅದನ್ನು ಹೇಳುವವರೆಗೆ ಮಾಡಿದ್ದೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿಂದ ಹಾಗೆ. ಮೊದಲ ಸಲ ನಾನು ಮುನ್ನೂರಕ್ಕೂ ಸೇರಿ ಕೊನೆಯಲ್ಲಿ ಒಂದೇ ಸೇವ್ ಇಟ್ಟಿದ್ದೆ. ನಡುವೆ ಎಲ್ಲೋ "ಯುಗಾದಿ/ರಾಮನವಮಿ" ಎಂಬ ಶೀರ್ಷಿಕೆ ಬಂತು. ಆ ಓರೆಗೆರೆ ಭಂಡಾರಕ್ಕೆ ದಾರಿ ಸೂಚಿಸುವ ಗುರುತು. ಯುಗಾದಿ ಎಂಬ ಗೂಡು ಎಲ್ಲಿದೆ ಎಂದು ಹುಡುಕಿ, ಸಿಗದೆ ಪ್ರೋಗ್ರಾಮ್ ಮುಗ್ಗರಿಸಿ ನಿಂತಿತು. ಅದುವರೆಗೆ ತುಂಬಿದ್ದೆಲ್ಲ ಗೋವಿಂದ! ಆಮೇಲೆ ಫೈಲಿಗೊಂದು ಸೇವ್ ಮಾಡಿದೆ, ಓರೆಗೆರೆಯ ಜಾಗಕ್ಕೆ ಅಡ್ಡಗೆರೆ ಹಾಕಿದೆ.

ಇಷ್ಟು ಯಾವ ಭಾಷೆಯ ಫೈಲಿಗೂ ಒಂದೇ. ನಮ್ಮ ಪಾಡು ಇಲ್ಲಿಂದ ಶುರು.

ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ವಿಂಡೋಸ್‌ನಲ್ಲಿ ತುಂಗಾ ಫಾಂಟ್ ಜೊತೆಗೆ ಅದು ಮನೆಮನೆಗೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅದಕ್ಕೂ ಮೊದಲಿನ, ಆಮೇಲೂ ಬಹಳ ಕಾಲ ಉಳಿದ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ತೊಡಿಸುತ್ತಿದ್ದವು. ಫಾಂಟ್ ತೆಗೆದರೆ ವೇಷ ಕಳಚಿ ಇಂಗ್ಲಿಷ್ ಕಲಸುಮೇಲೋಗರ. ಹಾಗೇ ಭಂಡಾರಕ್ಕೆ ಹಾಕಿದರೆ ಮೊಮ್ಮಗ "ಹಿಮ" ಅಂತ ಹುಡುಕಿದಾಗ ಏನೂ ಸಿಗುವುದಿಲ್ಲ. ಆದ್ದರಿಂದ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಅದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅರ್ಕಾವತ್ತು. "ಕರ್ನಾಟಕ"ದ ಅರ್ಕಾವತ್ತನ್ನು ಹಳೆಯ ಫಾಂಟ್ ನೋಡಿದಂತೆ ನಾ ಆದ ಮೇಲೆ ಇಡುತ್ತದೆ, ಯೂನಿಕೋಡ್ ಉಚ್ಚರಿಸಿದಂತೆ ನಾ ಬರುವ ಮೊದಲು ಇಡುತ್ತದೆ. ಪ್ರತಿ ಸಲವೂ ಅದನ್ನು ಎತ್ತಿ ಹಿಂದಕ್ಕೆ ತರಬೇಕು.

ಆ ರಾತ್ರಿ ಎಲ್ಲ ಸರಿಯಾಗಿ ಓಡಿತು. ಮುನ್ನೂರಕ್ಕೆ ಮುನ್ನೂರೂ ಯಶಸ್ವಿ ಅಂತ ಪರದೆಯ ಮೇಲೆ ಬಂತು. ಪಟ್ಟಿಯಲ್ಲಿ ಶೀರ್ಷಿಕೆಗಳೆಲ್ಲ ಅಚ್ಚ ಕನ್ನಡದಲ್ಲಿ ಮುದ್ದಾಗಿ ಕಾಣುತ್ತಿದ್ದವು. ಸೇರಿಸಿದ್ದನ್ನೇ ಮತ್ತೆ ಸೇರಿಸದಿರಲಿ ಎಂದು, ಯಶಸ್ವಿಯಾದ ಮೂಲ ಫೈಲನ್ನು ನನ್ನ ಲ್ಯಾಪ್‌ಟಾಪ್‌ನಿಂದ ಅಳಿಸುವ ಒಂದು ಸಾಲನ್ನೂ ಬರೆದಿದ್ದೆ. ಜಾಣತನ ನೋಡಿ!

ಬೆಳಗ್ಗೆ ಕಾಫಿ ಹಿಡಿದು ಒಂದು ಲೇಖನ ತೆರೆದೆ. ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ. ನಡುವೆ ಅಲ್ಪವಿರಾಮಗಳು, ಒಂದು ಕಡೆ 1971 ಎಂಬ ಇಸವಿ. ಉಳಿದದ್ದು ಅಷ್ಟೇ.

ಆದದ್ದೇನೆಂದರೆ, ನನ್ನದು ಹಳೆಯ ವಿಂಡೋಸ್ ಯಂತ್ರ, ಅದರಲ್ಲಿ ಜಾವಾ 8. ಪಠ್ಯವನ್ನು ಬೈಟುಗಳಾಗಿ ಬದಲಿಸು ಎಂದಾಗ ಯಾವ ಎನ್‌ಕೋಡಿಂಗ್ ಅಂತ ನಾನು ಹೇಳಿರಲಿಲ್ಲ. ಹೇಳದಿದ್ದರೆ ಅದು ಯಂತ್ರದ್ದನ್ನೇ ಹಿಡಿಯುತ್ತದೆ, ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ್ದನ್ನು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ, ತನಗೆ ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ದೂರು ಕೊಡುವುದಿಲ್ಲ. (2022ರ ಜಾವಾ 18ರಿಂದ ಯುಟಿಎಫ್-8 ತಾನಾಗಿಯೇ ಬರುತ್ತದೆ.) ಹೆಸರುಗಳು ಬೈಟುಗಳಾಗದೆ ನೇರ ಪಠ್ಯವಾಗಿಯೇ ಹೋಗಿದ್ದರಿಂದ ಉಳಿದುಕೊಂಡವು, ಡಬ್ಬದ ಒಳಗಿನದು ಹಾಳಾಯಿತು. ಪರದೆಯ ಮೇಲೆ ಗೀಟು ಹಾಕಿದ ಇಂಗ್ಲಿಷ್ ಎ ಅಕ್ಷರಗಳು ಸಾಲುಸಾಲಾಗಿ ಕಂಡರೆ ಅದು ವಾಸಿಯಾಗಬಲ್ಲ ಕಾಯಿಲೆ. ಬೈಟುಗಳು ನೆಟ್ಟಗಿರುತ್ತವೆ, ಓದುವ ಕನ್ನಡಕ ಬದಲಿಸಿದರೆ ಸಾಕು. ಪ್ರಶ್ನೆ ಚಿಹ್ನೆಯಾಗಿಯೇ ಉಳಿದುಬಿಟ್ಟದ್ದು ಮಾತ್ರ ವಾಪಸ್ ಬರುವುದಿಲ್ಲ. ಅದು ಅ ಆಗಿತ್ತೋ ಳ ಆಗಿತ್ತೋ ಯಾರಿಗೆ ಗೊತ್ತು?

ಫ್ಲಾಪಿ, ಸಿಡಿಗಳನ್ನು ಮತ್ತೆ ಓದಿಸಿದೆ. ಒಂದು ಫ್ಲಾಪಿ ಬಿಟ್ಟು ಉಳಿದವೆಲ್ಲ ಬಂದವು. ಆ ಒಂದು ಕಿರ್ ಕಿರ್ ಎಂದು ಸುಮ್ಮನಾಯಿತು, ಆಮೇಲೆ ಎಷ್ಟು ಸಲ ಹಾಕಿದರೂ ಅದೇ. ಅದರಲ್ಲಿ ನಾಲ್ಕು ಲೇಖನಗಳಿದ್ದವು.

ಈಗ ನನ್ನ ಪ್ರೋಗ್ರಾಮ್ ಬರೆದದ್ದನ್ನು ಮತ್ತೆ ಭಂಡಾರದಿಂದ ಓದಿ, ಮೂಲದ ಪಠ್ಯದೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ, ಆಮೇಲಷ್ಟೇ ಯಶಸ್ವಿ ಅನ್ನುತ್ತದೆ. ಏನನ್ನೂ ಅಳಿಸುವುದಿಲ್ಲ. ಹಾಗೆ ಹೋಲಿಸುವಾಗಲೇ ಇನ್ನೊಂದು ತಮಾಷೆ ಸಿಕ್ಕಿತು. ಭಂಡಾರದಲ್ಲಿ "ದೀಪಾವಳಿ" ಎಂಬ ಗೂಡು ಎರಡಿದ್ದವು, ಕಣ್ಣಿಗೆ ತದ್ರೂಪು! ಒಂದು ನಾನು ಮಾಡಿದ್ದು, ಇನ್ನೊಂದು ಆಂಟಿ ತಮ್ಮ ಹಳೆಯ ಮ್ಯಾಕ್‌ನಿಂದ ಜಿಪ್ ಮಾಡಿ ಕಳಿಸಿದ್ದು. ಆ ಕಾಲದ ಮ್ಯಾಕ್ ಡಿಸ್ಕಿನಲ್ಲಿ ಹೆಸರು ಬರೆಯುವಾಗ ದೀರ್ಘವನ್ನು ಬಿಡಿಸಿ ಇಡುತ್ತದೆ. ಅಂದರೆ "ದೀ" ಅನ್ನುವುದು ದ, ಗುಡಿಸು, ದೀರ್ಘದ ಚಿಹ್ನೆ ಎಂದು ಮೂರು ತುಂಡು. ನನ್ನದರಲ್ಲಿ ಎರಡೇ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ, ಆದರೆ ಭಂಡಾರ ಬರೀ ತುಂಡುಗಳನ್ನು ನೋಡಿ ಎರಡು ಬೇರೆ ಹೆಸರು ಅಂದುಕೊಂಡಿತು. ಹೆಸರಿಡುವ ಮೊದಲು ಜಾವಾದ ನಾರ್ಮಲೈಸರ್ ಮೂಲಕ ಎಲ್ಲವನ್ನೂ ಕೂಡಿಸಿದ ರೂಪಕ್ಕೆ ತಂದೆ. ಸಂಕ್ರಾಂತಿಗೆ ದೀರ್ಘವಿದ್ದರೂ ಈ ಕಾಟವಿಲ್ಲ, ಕಾಗುಣಿತದ ಆ ಚಿಹ್ನೆ ಒಡೆಯುವುದಿಲ್ಲ. ಈ, ಏ, ಐ, ಒ, ಓ ಸ್ವರಚಿಹ್ನೆಗಳು ಮಾತ್ರ ಒಡೆಯುತ್ತವೆ.

ಕಳೆದುಹೋದ ನಾಲ್ಕರಲ್ಲಿ ಎರಡು ನಮ್ಮ ಕೂಟದ ಹಳೆಯ ಅಚ್ಚಿನ ಸಂಚಿಕೆಗಳಲ್ಲಿ ಸಿಕ್ಕವು. ಒಂದರ ಶೀರ್ಷಿಕೆ ಬಿಟ್ಟು ಇನ್ನೇನೂ ಸಿಕ್ಕಿಲ್ಲ: "ಡಿಯರ್‌ಬಾರ್ನ್‌ನಲ್ಲಿ ಮೊದಲ ಗಣಪತಿ". 1990ರ ದಶಕದ ಕೊನೆಯ ಅಥವಾ 2000ದ ಆಸುಪಾಸಿನ ಸಂಚಿಕೆಗಳು ಯಾರ ಬೇಸ್‌ಮೆಂಟಿನಲ್ಲಾದರೂ ಇದ್ದರೆ ದಯವಿಟ್ಟು ಒಮ್ಮೆ ತಿರುವಿಹಾಕಿ.

ನಾಲ್ಕನೆಯದು ಮೊದಲ ಹಿಮದ ಬಗ್ಗೆ ಅವರು ಬರೆದದ್ದು, ಆ 1971 ಉಳಿದಿತ್ತಲ್ಲ, ಅದೇ. ಅಕ್ಕನಿಗೆ ವಿಷಯ ಹೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹೇಳಿದಾಗ ಅವರು ಏನೂ ಅನ್ನಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ವಾರ ಬಿಟ್ಟು ಆಂಟಿಯೇ ಫೋನ್ ಮಾಡಿದರು. ಅಂಕಲ್ ಪ್ರಿಂಟ್ ತೆಗೆದದ್ದು ಅವರ ಅಡುಗೆ ಪುಸ್ತಕದೊಳಗೆ ಇತ್ತಂತೆ. "ಶಾಯಿ ಮಾಸಿದೆ, ಫೋಟೋ ತೆಗೆದರೆ ಕಾಣಲ್ಲ. ನಾನು ಓದ್ತೀನಿ, ನೀನು ಟೈಪ್ ಮಾಡ್ಕೋ" ಅಂದರು. ಮೂರು ಭಾನುವಾರ ಹಾಗೇ ನಡೆಯಿತು. ನಡುನಡುವೆ ನಿಲ್ಲಿಸಿ, "ಇಲ್ಲಿ ಇವರು ಸುಳ್ಳು ಬರೆದಿದಾರೆ, ಆವತ್ತು ಜಾರಿ ಬಿದ್ದಿದ್ದು ನಾನಲ್ಲ, ಅವರೇ" ಅನ್ನುತ್ತಿದ್ದರು. ಅಂಕಲ್ ಬರೆದದ್ದನ್ನು ಇದ್ದ ಹಾಗೇ ಇಟ್ಟೆ. ಆಂಟಿಯ ತಿದ್ದುಪಡಿಗೆ ಪಕ್ಕದಲ್ಲೇ ಇನ್ನೊಂದು ಫೈಲ್ ಮಾಡಿದ್ದೇನೆ.