ಸಂಕಷ್ಟಿಯ ಚಂದ್ರ ತಡವೇಕೆ?

ಸಂಕಷ್ಟಿಯ ರಾತ್ರಿ ಮಂಡ್ಯದ ಎಷ್ಟೋ ಮನೆಗಳಲ್ಲಿ ಊಟ ತಡ. ಉಪವಾಸ ಇದ್ದವರು ಮಹಡಿ ಹತ್ತಿ ಮದ್ದೂರಿನ ದಿಕ್ಕಿಗೆ ಮುಖಮಾಡಿ ನಿಲ್ಲುತ್ತಾರೆ. ಒಂಬತ್ತರ ಸುಮಾರಿಗೆ ತೆಂಗಿನ ಗರಿಗಳ ಸಂದಿಯಲ್ಲಿ ಚಂದ್ರ ಕಂಡಮೇಲೆಯೇ ಪೂಜೆ, ಊಟ. ನಾಲ್ಕು ದಿನದ ಹಿಂದೆ, ಹುಣ್ಣಿಮೆಯಂದು, ಇದೇ ಚಂದ್ರ ಹೊತ್ತು ಮುಳುಗುವಾಗಲೇ ಮೂಡಿದ್ದ.

ಭೂಮಿ ತಿರುಗುವುದರಿಂದ ಚಂದ್ರ ಪೂರ್ವದಲ್ಲಿ ಹುಟ್ಟಿ ಪಶ್ಚಿಮಕ್ಕೆ ಇಳಿಯುವಂತೆ ಕಾಣುತ್ತಾನೆ. ಅವನ ಸ್ವಂತ ನಡಿಗೆ ಮಾತ್ರ ಅದಕ್ಕೆ ಎದುರು: ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ. ಹಾಗೆ ಹಿಂದೆ ಉಳಿದವನು ಮತ್ತೆ ಮೂಡಬೇಕಾದರೆ ಭೂಮಿ ದಿನವೂ ಹೆಚ್ಚುಕಡಿಮೆ 50 ನಿಮಿಷ ಜಾಸ್ತಿ ತಿರುಗಬೇಕು. ತೋಳು ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಇಂದು ರೋಹಿಣಿ ನಕ್ಷತ್ರದ ಪಕ್ಕ ಇದ್ದವನು ನಾಳೆ ಅದೇ ಹೊತ್ತಿಗೆ ಒಂದು ಮುಷ್ಟಿಗೂ ಮಿಗಿಲು ದೂರ ಸರಿದಿರುತ್ತಾನೆ. ಇದನ್ನು ಎರಡು ರಾತ್ರಿ ಕಣ್ಣಾರೆ ನೋಡಿದವರಿಗೆ ಪುಸ್ತಕದ ಚಿತ್ರ ಬೇಡ.

ಆಕಾರ ಬದಲಾಗುವುದೂ ಇದೇ ನಡಿಗೆಯಿಂದ. ಸೂರ್ಯನೂ ದಿನಕ್ಕೆ 1 ಡಿಗ್ರಿಯಷ್ಟು ಪೂರ್ವಕ್ಕೆ ಜರುಗಿದಂತೆ ಕಾಣುವುದರಿಂದ ಇಬ್ಬರ ನಡುವೆ ಬೆಳೆಯುವ ಅಂತರ 12 ಡಿಗ್ರಿ. ಪಂಚಾಂಗದ ಒಂದು ತಿಥಿ ಎಂದರೆ ಈ 12 ಡಿಗ್ರಿಯೇ! ಅಂತರ ಬದಲಾದಂತೆ ನಮಗೆ ಕಾಣುವ ಬೆಳಕಿನ ಭಾಗವೂ ಬದಲಾಗುತ್ತದೆ. ಹೀಗಾಗಿ ಚಂದ್ರನ ಆಕಾರ, ಅವನಿರುವ ಜಾಗ ಎರಡೂ ಕಂಡರೆ ಗಂಟೆ ಹೇಳಬಹುದು. ರಾತ್ರಿ ಕರೆಂಟಿಗೆ ಕಾದು ಕಬ್ಬಿಗೆ ನೀರು ಕಟ್ಟುವ ಮಳವಳ್ಳಿಯ ರೈತನಿಗೆ, ಶುಕ್ಲ ಅಷ್ಟಮಿಯ ಅರ್ಧಚಂದ್ರ ಮುಳುಗಿದರೆ ನಡುರಾತ್ರಿ. ಬಹುಳ ಅಷ್ಟಮಿಯವನು ಹುಟ್ಟಿದರೂ ನಡುರಾತ್ರಿ.

ನನಗೆ ಇದಕ್ಕಿಂತ ಸೊಗಸು ಅನ್ನಿಸುವುದು ನೆರಳಿನಾಟ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ 12.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನವು. ಹುಣ್ಣಿಮೆ ಚಂದ್ರ ಸೂರ್ಯನಿಗೆ ಎದುರಾಗಿ ಇರುವವನು. ಮಾರ್ಗಶಿರದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಇವನು ನಮ್ಮ ನೆತ್ತಿಯನ್ನೂ ದಾಟಿ ಉತ್ತರಕ್ಕೆ ಹೋಗುತ್ತಾನೆ. ಅವನ ದಾರಿ ಸೂರ್ಯನ ದಾರಿಗೆ 5 ಡಿಗ್ರಿ ಓರೆ, ಆ ಓರೆ 18.6 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಹಾಗಾಗಿ ಅವನು ಎಷ್ಟು ಉತ್ತರಕ್ಕೆ ಹೋಗುತ್ತಾನೆ ಎಂಬುದು ವರ್ಷದಿಂದ ವರ್ಷಕ್ಕೆ ಬೇರೆ. 2024ರ ಡಿಸೆಂಬರ್ 15ರ ಹುಣ್ಣಿಮೆಯಲ್ಲಿ ಅವನು ಸುಮಾರು 28 ಡಿಗ್ರಿ ಉತ್ತರ ಅಕ್ಷಾಂಶದ ನೆತ್ತಿಯ ಮೇಲಿದ್ದ. ಆ ನಡುರಾತ್ರಿ ನಾಲೆ ಏರಿಯ 60 ಅಡಿ ತೆಂಗಿನ ನೆರಳು ದಕ್ಷಿಣಕ್ಕೆ ಸುಮಾರು 17 ಅಡಿ. ಸೂರ್ಯ ಉತ್ತರಕ್ಕೆ ವಾಲಿದ್ದ 2025ರ ಜೂನ್ 11ರ ಹುಣ್ಣಿಮೆಗೆ ಅದೇ ಮರದ ನೆರಳು ಉತ್ತರಕ್ಕೆ ಹೊರಳಿ 50 ಅಡಿಗೂ ತುಸು ಹೆಚ್ಚು. 2034ರ ಮಾರ್ಗಶಿರಕ್ಕೆ ಅದು ಮತ್ತೆ ದಕ್ಷಿಣಕ್ಕೆ ಬಿದ್ದರೂ ಆರೇಳು ಅಡಿ ಇದ್ದೀತು, ಅಷ್ಟೆ.