ಮನೂಕಕ್ಕಾಗಿ ದ್ರಾಕ್ಷಿಯನ್ನು ಅದ್ದುವ ದ್ರಾವಣದ ಕ್ರಮ

ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ಭಾಗಗಳಲ್ಲಿ ಬೆಳೆಯುವ ಬೀಜರಹಿತ ದ್ರಾಕ್ಷಿಯ ದೊಡ್ಡ ಪಾಲು ಮನೂಕವಾಗಿ ಪೇಟೆಯನ್ನು ಸೇರುತ್ತದೆ. ೧ ಕಿಲೋ ಮನೂಕಕ್ಕೆ ಸುಮಾರು ೪ ಕಿಲೋ ಹಸಿಹಣ್ಣು ಬೇಕು. ಆದಕಾರಣ ಒಣಗಿಸುವಾಗ ಬಣ್ಣ ಕೆಟ್ಟರೆ ವರ್ಷದ ದುಡಿಮೆಗೆ ತಕ್ಕ ಬೆಲೆ ದೊರೆಯದು.

ದ್ರಾಕ್ಷಿಯ ಸಿಪ್ಪೆಯ ಮೇಲಿರುವ ತೆಳುವಾದ ಮೇಣವು ಒಳಗಿನ ನೀರನ್ನು ಬೇಗನೆ ಹೊರಬಿಡದು. ಒಣಗುವುದು ತಡವಾದಷ್ಟೂ ಹಣ್ಣು ಕಂದುಬಣ್ಣಕ್ಕೆ ತಿರುಗುವುದು. ಇದರ ನಿವಾರಣೆಗಾಗಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವೂ ಈಥೈಲ್ ಓಲಿಯೇಟ್ ಎಂಬ ಎಣ್ಣೆಯೂ ಕೂಡಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದುವ ರೂಢಿಯುಂಟು. ಎಣ್ಣೆಯು ಮೇಣದ ಬಿಗಿತವನ್ನು ಸಡಿಲಿಸಿ ನೀರಿಗೆ ದಾರಿ ಮಾಡಿಕೊಡುತ್ತದೆ.

ಆದರೆ ಈ ಎಣ್ಣೆಯು ನೀರಿನಲ್ಲಿ ಕರಗತಕ್ಕುದಲ್ಲ, ಹನಿಗಳಾಗಿ ಹರಡಿಕೊಂಡಿರತಕ್ಕುದು. ಒಂದು ಹನಿಯನ್ನು ೧,೦೦೦ ಸಮನಾದ ಹನಿಗಳಾಗಿ ಒಡೆದರೆ, ಎಣ್ಣೆಯು ಅಷ್ಟೇ ಇದ್ದರೂ ಅದರ ಹೊರಮೈ ೧೦ ಪಟ್ಟಾಗುವುದು. ರಸಾಯನ ಕಾರಖಾನೆಗಳಲ್ಲಿ ಪರಸ್ಪರ ಬೆರೆಯದ ಎರಡು ದ್ರವಗಳನ್ನು ಎತ್ತರವಾದ ಸ್ತಂಭದಲ್ಲಿ ಎದುರುಬದುರಾಗಿ ಹರಿಸಿ, ಒಂದರಲ್ಲಿರುವ ಸಾರವನ್ನು ಮತ್ತೊಂದಕ್ಕೆ ಸೆಳೆಯುವರು. ಅಲ್ಲಿಯೂ ಹನಿಯ ಗಾತ್ರವೇ ಮುಖ್ಯವು. ಆದರೆ ದ್ರವಗಳು ಕೊನೆಗೆ ಬೇರ್ಪಡಬೇಕಾದುದರಿಂದ ಹನಿಗಳನ್ನು ಅತಿಯಾಗಿ ಸಣ್ಣ ಮಾಡುವಂತಿಲ್ಲ. ಅದ್ದುವ ತೊಟ್ಟಿಯಲ್ಲಿ ಈ ನಿರ್ಬಂಧವಿಲ್ಲ. ಹನಿಗಳು ಸಣ್ಣವಾಗಿ, ಕೂಡಿಕೊಳ್ಳದೆ ಉಳಿದಷ್ಟೂ ಒಳಿತು.

ಅನುಸರಿಸತಕ್ಕ ಕ್ರಮವು ಹೀಗಿದೆ:

(೧) ೧೦೦ ಲೀಟರ್ ನೀರಿಗೆ ೨.೫ ಕಿಲೋ ಪೊಟ್ಯಾಸಿಯಂ ಕಾರ್ಬೊನೇಟನ್ನು ಹಾಕಿ ಪೂರ್ಣವಾಗಿ ಕರಗಿಸಬೇಕು. ಕೊಳವೆಬಾವಿಯ ಗಡಸುನೀರಿನಲ್ಲಿ ಈ ಕ್ಷಾರದ ಸ್ವಲ್ಪಾಂಶವು ಸುಣ್ಣದೊಡನೆ ಕೂಡಿ ಬಿಳಿ ಗಸಿಯಾಗಿ ವ್ಯರ್ಥವಾಗುವುದು. ಆದ್ದರಿಂದ ಮೆದುನೀರು ಶ್ರೇಷ್ಠವು.

(೨) ಬಳಿಕ ೧.೫ ಲೀಟರ್ ಎಣ್ಣೆಯನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಎಡೆಬಿಡದೆ ಕಡೆಯಬೇಕು.

(೩) ದ್ರಾವಣವನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ಹಾಲಿನಂತೆ ಇದ್ದರೆ ಸರಿ. ಬೇಗನೆ ಎಣ್ಣೆ ಮೇಲೆ ತೇಲಿದರೆ ಪುನಃ ಕಡೆಯತಕ್ಕದ್ದು.

(೪) ಗೊಂಚಲುಗಳನ್ನು ೨ರಿಂದ ೪ ನಿಮಿಷ ಅದ್ದಿ, ನೆರಳಿನ ಚಪ್ಪರದ ಬಲೆಗಳ ಮೇಲೆ ಹರಡಬೇಕು. ಪ್ರತಿ ಸಲ ಅದ್ದುವ ಮುನ್ನ ತೊಟ್ಟಿಯನ್ನು ಕಲಕಬೇಕು.

(೫) ಒಡೆದ ಹಣ್ಣಿನ ಹುಳಿರಸವು ಕ್ಷಾರವನ್ನು ಕುಗ್ಗಿಸುವುದರಿಂದ ಅಂಥವನ್ನು ಮೊದಲೇ ಆರಿಸಿ ತೆಗೆಯಬೇಕು.

ಹೀಗೆ ಅದ್ದಿದ ಹಣ್ಣು ಹವೆ ಅನುಕೂಲವಾಗಿದ್ದರೆ ಸುಮಾರು ೧೫ ದಿನಗಳಲ್ಲಿ ಒಣಗುವುದು. ಬೇಗನೆ ಒಣಗಿದ ಹಣ್ಣಿಗೆ ಅಕಾಲದ ಮಳೆಯ ಭಯವೂ ಕಡಿಮೆ. ಕಣ್ಣಂದಾಜಿನಿಂದ ಎಣ್ಣೆಯನ್ನು ಹೆಚ್ಚು ಸುರಿಯುವುದು ಕೇವಲ ಹಣದ ವ್ಯಯವು. ಕಡೆಯುವ ಶ್ರಮಕ್ಕೆ ಅದು ಬದಲಾಗಲಾರದು. ಊರಿನ ಗೌಡರೂ ಹಿರಿಯ ಜಮೀನುದಾರರೂ ತಮ್ಮ ತೋಟದಲ್ಲಿ ತಕ್ಕಡಿ, ಅಳತೆಪಾತ್ರೆಗಳನ್ನಿಟ್ಟು ಒಂದು ತೊಟ್ಟಿಯನ್ನು ಈ ಕ್ರಮದಿಂದ ನಡೆಯಿಸಿ ತೋರಿಸಿದರೆ, ನೆರೆಯ ಸಣ್ಣ ಒಕ್ಕಲಿಗರು ನೋಡಿ ಕಲಿಯುವರು.