ಅಳಿಸಬೇಡಿ, ಮರೆಮಾಡಿ

ದೀಪಾವಳಿ ಜಾತ್ರೆ ಹತ್ತಿರ ಬಂದಾಗ ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹಾಕಿ ನೋಡಿ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರಿಗೆ ಸ್ವಾಗತ ಕೋರುವ ಫ್ಲೆಕ್ಸ್‌ಗಳು ಸಾಲಾಗಿ ನಿಂತಿರುತ್ತವೆ. ಒಂದರಲ್ಲಿ ದೇವಸ್ಥಾನದ ಗೋಪುರ ಮೆಲ್ಲಗೆ ಮೋಡದೊಳಗೆ ಕರಗಿಹೋದ ಹಾಗೆ ಕಾಣುತ್ತೆ. ಪಕ್ಕದ್ದರಲ್ಲಿ ಶುಭ ಕೋರುವವರ ತಲೆಗಳನ್ನು ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದಂತಿರುತ್ತೆ, ಕಿವಿ ಸುತ್ತ ಬಿಳಿ ಗೆರೆ ಬೇರೆ. ಈ ವ್ಯತ್ಯಾಸಕ್ಕೆ ಕ್ಯಾಮೆರಾ ಕಾರಣ ಅಲ್ಲ. ಅಂಚನ್ನು ಹೇಗೆ ಮುಗಿಸಿದ್ದಾರೆ ಅನ್ನೋದಷ್ಟೇ ಕಾರಣ.

ಆ ಅಂಚಿನ ಕೆಲಸವನ್ನು ನಾನು ಕಲಿತದ್ದು ತಪ್ಪು ಮಾಡಿ. ಆ ತಪ್ಪಿಗೆ ನಮ್ಮ ದೊಡ್ಡವ್ವನ ಫೋಟೊ ಹೋಯಿತು.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಹನೂರು ಕಡೆಯ ನಮ್ಮ ಅಜ್ಜಿ ತೀರಿಕೊಂಡಳು. ಮಹಾಲಯ ಅಮಾವಾಸ್ಯೆಗೆ ಎಡೆ ಇಡೋಕೆ ಫೋಟೊ ಬೇಕಿತ್ತು. ಅಜ್ಜಿ ಇದ್ದದ್ದು ಒಂದೇ ಫೋಟೊದಲ್ಲಿ, ಯಾವುದೋ ಮದುವೆಯಲ್ಲಿ ತೆಗೆದದ್ದು. ಪಕ್ಕದಲ್ಲಿ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಅಜ್ಜಿಯ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು. ಸ್ಕ್ಯಾನ್ ಮಾಡಿಸಿ ತಂದೆ. ಇರೇಸರ್ ಟೂಲ್ ಹಿಡಿದು ಅಜ್ಜಿಯ ಸುತ್ತ ಇದ್ದದ್ದನ್ನೆಲ್ಲ ಉಜ್ಜಿ ಅಳಿಸಿದೆ. ಅದೇ ಹೆಸರಲ್ಲಿ, ಅದೇ ಫೈಲ್ ಮೇಲೆ ಸೇವ್ ಕೂಡ ಮಾಡಿದೆ. ಫ್ರೇಮ್ ಹಾಕಿಸಿದ ಮೇಲೆ ಎಲ್ಲರೂ ಮೆಚ್ಚಿದರು.

ಎರಡು ವರ್ಷದ ಹಿಂದೆ ದೊಡ್ಡವ್ವನೂ ಹೋದಳು. ಅವಳ ಮಗ, ನಮ್ಮಣ್ಣ, ಫೋನ್ ಮಾಡಿದ. "ಅವ್ವ ವಯಸ್ಸಲ್ಲಿದ್ದಾಗಿನ ಫೋಟೊ ಅಂದ್ರೆ ಅದೊಂದೇ ಕಣ್ಲಾ. ನಿನ್ ಹತ್ರ ಐತಲ್ಲ, ಕಳ್ಸು." ಹಳೆಯ ಪ್ರಿಂಟ್ ಊರಿನ ಮನೆಯಲ್ಲಿ ಮಳೆ ನೀರು ಕುಡಿದು ಗಾಜಿಗೆ ಅಂಟಿಕೊಂಡಿತ್ತು. ಬಿಡಿಸೋಕೆ ಹೋದರೆ ಚಿತ್ರವೇ ಕಿತ್ತುಬಂತು. ಕಂಪ್ಯೂಟರ್ ತೆರೆದು ನೋಡಿದೆ. ಅಜ್ಜಿ ಇದ್ದಳು, ಸುತ್ತ ಬರೀ ಬಿಳಿ.

ಅವತ್ತು ಮಾಸ್ಕ್ ಬಳಸಿದ್ದರೆ ಒಂದು ಕ್ಲಿಕ್‌ನಲ್ಲಿ ದೊಡ್ಡವ್ವ ವಾಪಸ್ ಬರುತ್ತಿದ್ದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾಸ್ಕ್ ಹೊಸ ವಿದ್ಯೆ ಏನಲ್ಲ. ಯಳಂದೂರಿನ ನೆಂಟರ ಮನೆಯಲ್ಲಿ ನಮ್ಮ ತಾತನ ಒಂದು ಸ್ಟುಡಿಯೊ ಫೋಟೊ ಇದೆ, ಕಪ್ಪುಬಿಳುಪಿನದು. ಎದೆಯಿಂದ ಕೆಳಗೆ ಕೋಟು ಮೆಲ್ಲಗೆ ಮಸುಕಾಗಿ ಬಿಳಿ ಕಾಗದದೊಳಗೆ ಸೇರಿಹೋಗಿದೆ. ನಿಮ್ಮ ಮನೆ ಗೋಡೆಯ ಮೇಲೂ ಇಂಥದ್ದೊಂದು ಇರಬಹುದು. ಹಿಂದೆ ಡಾರ್ಕ್‌ರೂಮ್‌ನಲ್ಲಿ ಎನ್‌ಲಾರ್ಜರ್‌ನ ಲೆನ್ಸಿಗೂ ಕಾಗದಕ್ಕೂ ನಡುವೆ, ಮೊಟ್ಟೆಯಾಕಾರದ ತೂತಿರುವ ರಟ್ಟನ್ನು ಹಿಡಿದು ಮೆಲ್ಲಗೆ ಆಡಿಸುತ್ತಿದ್ದರು. ಆಡಿಸುತ್ತಿದ್ದದ್ದರಿಂದ ಅಂಚಲ್ಲಿ ಗೆರೆ ಬೀಳುತ್ತಿರಲಿಲ್ಲ. ಬೆಳಕು ಬೀಳದ ಕಡೆ ಕಾಗದ ಬಿಳಿಯಾಗೇ ಉಳಿಯುತ್ತಿತ್ತು. ಮುಖ್ಯ ವಿಷಯ ಏನೆಂದರೆ, ನೆಗೆಟಿವ್‌ಗೆ ಏನೂ ಆಗುತ್ತಿರಲಿಲ್ಲ. ರಟ್ಟು ತೆಗೆದು ಇನ್ನೊಂದು ಪ್ರಿಂಟ್ ಹಾಕಿದರೆ ಪೂರ್ತಿ ಚಿತ್ರ ಬರೋದು.

ಲೇಯರ್ ಮಾಸ್ಕ್ ಅಂದರೆ ಅದೇ ರಟ್ಟು. ಫೋಟೊದ ಜೊತೆಗೆ ಅಷ್ಟೇ ಅಳತೆಯ ಇನ್ನೊಂದು ಕಪ್ಪುಬಿಳುಪು ಚಿತ್ರ ಇರುತ್ತೆ. ಅದರಲ್ಲಿ ಬಿಳಿ ಇರುವ ಕಡೆ ಫೋಟೊ ಕಾಣುತ್ತೆ, ಕಪ್ಪು ಇರುವ ಕಡೆ ಕಾಣಲ್ಲ, ಬೂದು ಇರುವ ಕಡೆ ಅರೆಬರೆ ಕಾಣುತ್ತೆ. ಸಾಮಾನ್ಯವಾಗಿ 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. 128 ಹಾಕಿದರೆ ಹೆಚ್ಚುಕಮ್ಮಿ ಅರ್ಧ ಪಾರದರ್ಶಕ. ಬಿಳಿಯಿಂದ ಕಪ್ಪಿಗೆ ನಿಧಾನವಾಗಿ ಇಳಿದರೆ ಅಂಚು ಕರಗುತ್ತೆ. ಬಣ್ಣದ ಜೊತೆ ಪಾರದರ್ಶಕತೆಯ ಲೆಕ್ಕವನ್ನೂ ಇಡುವ ಈ ಉಪಾಯ 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಅವರಿಗೆ ಹೊಳೆದದ್ದು. ಅದಕ್ಕೆ 'ಆಲ್ಫಾ' ಎಂದು ಹೆಸರಿಟ್ಟರು. ಇವತ್ತಿನ ಮಾಸ್ಕ್‌ಗಳ ಹಿಂದಿರುವ ಲೆಕ್ಕ ಅದೇ.

ಈಗ ಮಾಡುವ ಬಗೆ. ದುಡ್ಡು ಕೊಟ್ಟು ಫೋಟೊಶಾಪ್ ತಗೊಳ್ಳಲೇಬೇಕು ಅಂತೇನಿಲ್ಲ. ಕಂಪ್ಯೂಟರ್ ಇದ್ದರೆ ಗಿಂಪ್ ಉಚಿತ. ಫೋಟೊಪಿಯಾ ಅನ್ನೋದು ಬ್ರೌಸರ್‌ನಲ್ಲೇ ತೆರೆಯುತ್ತೆ.

ಮೊದಲು ಫೋಟೊದ ಒಂದು ಕಾಪಿ ಮಾಡಿ. ಮೂಲ ಫೈಲ್ ಮುಟ್ಟಬೇಡಿ. ಕಾಪಿ ತೆರೆದು, ಎಲಿಪ್ಸ್ ಸೆಲೆಕ್ಷನ್ ಟೂಲ್‌ನಿಂದ ಮುಖ ಮತ್ತು ಹೆಗಲು ಸೇರುವಂತೆ ಮೊಟ್ಟೆಯಾಕಾರ ಎಳೆಯಿರಿ. ಆಮೇಲೆ ಸೆಲೆಕ್ಟ್ ಮೆನುವಿನಲ್ಲಿ ಫೆದರ್ ಹುಡುಕಿ. ಕೊನೆಗೆ ಲೇಯರ್ ಪ್ಯಾನೆಲ್‌ನಲ್ಲಿ ಮಾಸ್ಕ್ ಸೇರಿಸಿ. ಫೋಟೊಶಾಪ್ ಮತ್ತು ಫೋಟೊಪಿಯಾದಲ್ಲಿ ಕೆಳಗಿರುವ ಮಾಸ್ಕ್ ಬಟನ್ ಒತ್ತಿದರೆ ಸಾಕು. ಗಿಂಪ್‌ನಲ್ಲಿ 'ಆ್ಯಡ್ ಲೇಯರ್ ಮಾಸ್ಕ್' ಒತ್ತಿ 'ಸೆಲೆಕ್ಷನ್' ಅಂತ ಆರಿಸಿ. ಇಷ್ಟೇ.

ಎಡವುವುದು ಎಲ್ಲಿ ಅಂದರೆ ಫೆದರ್ ಅಳತೆಯಲ್ಲಿ. 8x10 ಇಂಚಿನ ಪ್ರಿಂಟ್‌ಗೆ 300 ಡಿಪಿಐ ಲೆಕ್ಕದಲ್ಲಿ ಚಿತ್ರ 2400x3000 ಪಿಕ್ಸೆಲ್ ಇರುತ್ತೆ. ಅದಕ್ಕೆ 10 ಪಿಕ್ಸೆಲ್ ಫೆದರ್ ಕೊಟ್ಟರೆ ಕಣ್ಣಿಗೇ ಕಾಣಲ್ಲ, ಕತ್ತರಿಸಿದ ಹಾಗೇ ಇರುತ್ತೆ. ನಾನು ಅಗಲದ ನೂರಕ್ಕೆ ಐದರಷ್ಟು, ಅಂದರೆ 120 ಪಿಕ್ಸೆಲ್‌ನಿಂದ ಶುರು ಮಾಡುತ್ತೇನೆ. ಫೆದರ್ ನೀವು ಎಳೆದ ಗೆರೆಯ ಎರಡೂ ಕಡೆ ಹರಡುತ್ತೆ. ಆದ್ದರಿಂದ ಗೆರೆ ಫೋಟೊದ ಕೊನೆಗೆ ತಾಗಬಾರದು. ತಾಗಿದರೆ ಕರಗುತ್ತಾ ಬಂದ ಅಂಚು ಅರ್ಧಕ್ಕೇ ನಿಂತು, ಅಲ್ಲೊಂದು ನೇರ ಗೀಟು ಬೀಳುತ್ತೆ. ಮುಖದ ಹತ್ತಿರ ಕರಗಿಸಬೇಡಿ. ಹೆಗಲಿಂದ ಕೆಳಗೆ ಶುರುವಾಗಲಿ.

ಕಿವಿ ಸುತ್ತ ಬರುವ ಬಿಳಿ ಗೆರೆಗೂ ಕಾರಣ ಇದೆ. ಅರೆ ಪಾರದರ್ಶಕವಾದ ಅಂಚಲ್ಲಿ ಹಳೆಯ ಹಿನ್ನೆಲೆಯ ಬಣ್ಣ ಸ್ವಲ್ಪ ಉಳಿದಿರುತ್ತೆ. ಬಿಳಿ ಗೋಡೆ ಮುಂದೆ ತೆಗೆದ ಫೋಟೊವನ್ನು ಕಡುನೀಲಿ ಫ್ಲೆಕ್ಸ್ ಮೇಲೆ ಕೂರಿಸಿದರೆ ಅದು ಎದ್ದು ಕಾಣುತ್ತೆ. ಹಿನ್ನೆಲೆಗೆ ಹತ್ತಿರದ ಬಣ್ಣವನ್ನೇ ಆರಿಸಿ. ಆಗಲ್ಲ ಅಂದರೆ ಮಾಸ್ಕ್ ಮೇಲೆ ಮೆತ್ತನೆ ಕಪ್ಪು ಬ್ರಷ್‌ನಿಂದ ಅಂಚನ್ನು ಸ್ವಲ್ಪ ಒಳಕ್ಕೆ ತನ್ನಿ. ಜಾಸ್ತಿ ಹೋಯಿತು ಅನ್ನಿಸಿದರೆ ಬಿಳಿ ಬ್ರಷ್ ಹಿಡಿದು ಬಳಿಯಿರಿ, ಹೋದದ್ದು ವಾಪಸ್ ಬರುತ್ತೆ. ಇರೇಸರ್‌ಗೆ ಈ ಗುಣ ಇಲ್ಲ.

ಸೇವ್ ಮಾಡುವಾಗ ಎರಡು ಫೈಲ್ ಇರಲಿ. ಒಂದು ಪಿಎಸ್‌ಡಿ ಅಥವಾ ಗಿಂಪ್‌ನ ಎಕ್ಸ್‌ಸಿಎಫ್. ಇದರಲ್ಲಿ ಫೋಟೊ ಮತ್ತು ಮಾಸ್ಕ್ ಬೇರೆ ಬೇರೆಯಾಗೇ ಉಳಿಯುತ್ತೆ. ಇನ್ನೊಂದು ಪಿಎನ್‌ಜಿ, ಪ್ರಿಂಟ್ ಅಂಗಡಿಗೆ ಕಳಿಸೋಕೆ. ಜೆಪೆಗ್‌ನಲ್ಲಿ ಪಾರದರ್ಶಕತೆ ಉಳಿಯಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೂ ಅದೇ ಕಥೆ, ಡಾಕ್ಯುಮೆಂಟ್ ಅಂತ ಕಳಿಸಿ.

ಹೋದ ವರ್ಷ ಅವ್ವ ಒಂದು ಕೆಲಸ ಹೇಳಿದಳು. ಅಜ್ಜಿ ತಾತ ಜೊತೆಗೆ ನಿಂತು ಫೋಟೊ ತೆಗೆಸಿಕೊಂಡವರೇ ಅಲ್ಲ. ಇಬ್ಬರನ್ನೂ ಒಂದೇ ಫ್ರೇಮಿಗೆ ತರಬೇಕು. ಯಳಂದೂರಿಗೆ ಹೋಗಿ ತಾತನ ಫೋಟೊ ಸ್ಕ್ಯಾನ್ ಮಾಡಿಸಿದೆ. ಅದರ ಬಿಳಿ ಮಸುಕಿಗೆ ಹೊಂದುವ ತಿಳಿ ಬಣ್ಣವನ್ನೇ ಹಿನ್ನೆಲೆಗೆ ಹಾಕಿದೆ. ಅಜ್ಜಿಯ ಚಿತ್ರಕ್ಕೆ, ಹಳೆಯ ಒರಟು ಅಂಚಿಗಿಂತ ಒಂಚೂರು ಒಳಗೆ, ಈ ಸಲ ಮಾಸ್ಕ್ ಹಾಕಿದೆ.

ಹೆಗಲ ಹತ್ತಿರ ಸರಿಮಾಡಲು ಚಿತ್ರವನ್ನು ಹಿಗ್ಗಿಸಿದಾಗ ಅದು ಕಂಡಿತು. ಸೀರೆಯ ಮಡಿಕೆ ಮೇಲೆ ನಾಲ್ಕು ಬೆರಳಿನ ತುದಿ. ಆವತ್ತು ಸೀರೆಯ ಮಧ್ಯೆ ಬಿಡಿಸೋಕೆ ಬರದೆ, ಯಾರಿಗೆ ಗೊತ್ತಾಗುತ್ತೆ ಅಂತ ಹಾಗೇ ಬಿಟ್ಟಿದ್ದೆ. ಆ ಫೋಟೊದಲ್ಲಿ ದೊಡ್ಡವ್ವ ಉಳಿದಿರೋದು ಅಷ್ಟೇ.

ಕಪ್ಪು ಬ್ರಷ್ ಕೈಯಲ್ಲಿತ್ತು. ಅವ್ವನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

"ನಮ್ಮಕ್ಕನ ಕೈ ಕಣಪ್ಪ. ಇರ್ಲಿ ಬುಡು" ಅಂದಳು.

ಫ್ರೇಮ್ ಎರಡು ಹಾಕಿಸಿದೆವು. ಒಂದು ನಮ್ಮ ಮನೆಯಲ್ಲಿದೆ, ಇನ್ನೊಂದನ್ನು ಅಣ್ಣನಿಗೆ ಕೊಟ್ಟೆ. ಬೆರಳು ಎಲ್ಲಿದೆ ಅಂತ ಹೇಳಿಕೊಡಬೇಕಾಯಿತು. ಈಗ ಮನೆಗೆ ಬಂದವರಿಗೆಲ್ಲ ಅವನೇ ತೋರಿಸುತ್ತಾನೆ.

ನಿಮ್ಮ ಮನೆಯ ಹಳೆ ಫೋಟೊಗಳನ್ನು ಈ ಭಾನುವಾರವೇ ಸ್ಕ್ಯಾನ್ ಮಾಡಿ. ಯಾರನ್ನಾದರೂ ಬೇರೆ ಮಾಡಿ ತೋರಿಸಬೇಕು ಅಂದರೆ ಪಕ್ಕದವರನ್ನು ಅಳಿಸಬೇಡಿ, ಮರೆಮಾಡಿ. ಅವರನ್ನು ಕೇಳಿಕೊಂಡು ಒಂದು ದಿನ ಯಾರಾದರೂ ಬರುತ್ತಾರೆ.